ನಿಧಾನವಾಗಿ ಓದುವ ಮಗು



ಪ್ರತಿ ವರ್ಷ ಪರೀಕ್ಷಾ ಫಲಿತಾಂಶಗಳು ಹೊರಬಿದ್ದ ಮೇಲೆ ಈ ಪತ್ರಿಕೆಯ ಪುಟಗಳಲ್ಲಿ ಹೆಚ್ಚಿನ ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳು ಅಚ್ಚಾಗುತ್ತವೆ. ಅದರ ಮೇಲೆ ನಾವು ನಾಲ್ಕು ಆಶೀರ್ವಚನದ ಮಾತುಗಳನ್ನು ಬರೆಯುವುದು ವಾಡಿಕೆ. ಈ ಸಲ ಸಂಪಾದಕರು ಕೇಳಿದಾಗ ಆ ಮಾತುಗಳು ಲೇಖನಿಯಿಂದ ಇಳಿಯಲಿಲ್ಲ. ಅದರ ಬದಲು ಖಾಸಬಾಗದ ಒಬ್ಬ ಹುಡುಗನ ಸಂಗತಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಅವನ ಚಿತ್ರ ಈ ಪುಟಗಳಲ್ಲಿ ಎಂದೂ ಬಂದಿಲ್ಲ. ಬರೆಯಲು ಅವನ ಒಪ್ಪಿಗೆಯನ್ನು ಪಡೆದಿದ್ದೇವೆ. ಹೆಸರು ಬೇಡವೆಂದನು, ಆದ್ದರಿಂದ ಹೇಳುವುದಿಲ್ಲ. ಈ ಪ್ರಸಂಗದಲ್ಲಿ ತಪ್ಪು ಯಾರದೆಂದು ಹುಡುಕಹೊರಟರೆ ಮೊದಲು ನಮ್ಮ ಬಾಗಿಲಿಗೇ ಬರಬೇಕಾಗುತ್ತದೆ ಎಂಬುದನ್ನು ಮಾತ್ರ ಆರಂಭದಲ್ಲಿಯೇ ತಿಳಿಸಿಬಿಡುತ್ತೇವೆ.

ಬೆಳಗಾವಿಯನ್ನು ಬಲ್ಲವರಿಗೆ ಖಾಸಬಾಗವನ್ನು ಪರಿಚಯಿಸಬೇಕಾಗಿಲ್ಲ. ಶಹಾಪುರ, ವಡಗಾವಿಗಳಿಗೆ ಹೊಂದಿಕೊಂಡ ನೇಕಾರರ ಓಣಿಗಳು, ಮನೆಯ ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ, ಭಾನುವಾರ ಸಂತೆ. ಅಲ್ಲಿ ಹುಟ್ಟಿದ ಕೂಸು ಮಗ್ಗದ ಸದ್ದಿನಲ್ಲಿಯೇ ನಿದ್ದೆ ಕಲಿಯುತ್ತದೆ. ವಿದ್ಯುತ್ತು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ. ಈ ಹುಡುಗನ ತಂದೆಗೆ ನಾಲ್ಕು ಮಗ್ಗಗಳಿದ್ದವು. ನೂಲಿನ ಬೆಲೆ ಏರುತ್ತ, ಸೀರೆಯ ಬೆಲೆ ನಿಂತಲ್ಲಿಯೇ ನಿಲ್ಲುತ್ತ, ತಾನು ಮಾಡಿದ ಕಾಯಕ ಮಗನ ಕಾಲಕ್ಕೆ ಅನ್ನ ಕೊಡಲಾರದೆಂಬುದು ಅವರಿಗೆ ಖಚಿತವಾಗಿತ್ತು. ಮಗ ಡಾಕ್ಟರನಾಗಬೇಕು ಎಂಬುದು ಅವರ ಸಂಕಲ್ಪ.

ಇಂಥ ಸಂಕಲ್ಪವನ್ನು ದುರಾಸೆ ಎಂದು ಜರೆಯುವುದು ಸುಲಭ. ನಾವು ಜರೆಯಲಾರೆವು. 1916ರಲ್ಲಿ ಕೆಲವು ತರುಣ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಊರು ಇದು. 1933ರಲ್ಲಿ ಲಿಂಗರಾಜ ಕಾಲೇಜು, 1963ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2005ರಲ್ಲಿ ಸರಕಾರಿ ವೈದ್ಯಕೀಯ ಸಂಸ್ಥೆ ಇದೇ ಊರಿನಲ್ಲಿ ತಲೆಯೆತ್ತಿದವು. ಮಠಗಳು ಅನ್ನ ಹಾಕಿದವು, ಹಳ್ಳಿಯ ಬಡವರ ಮಕ್ಕಳು ಓದಿದರು, ಅಂಕ ತೆಗೆದರು, ಮೇಲೆ ಬಂದರು. ತಮ್ಮಲ್ಲಿ ಎಷ್ಟೋ ಜನ ಹಾಗೆ ಬಂದವರೇ. ಕಣ್ಣೆದುರಿಗೆ ಮೂರು ತಲೆಮಾರು ಹೀಗೆ ನಡೆದುದನ್ನು ನೋಡಿದ ನೇಕಾರನೊಬ್ಬನು ಅಂಕವೇ ಬಿಡುಗಡೆಯ ದಾರಿ ಎಂದು ನಂಬಿದರೆ, ಆ ನಂಬಿಕೆಯನ್ನು ಅವನಲ್ಲಿ ಬಿತ್ತಿದವರು ನಾವೇ ಅಲ್ಲವೆ?

2014ರ ಜೂನ್ ತಿಂಗಳಲ್ಲಿ ಆ ಹುಡುಗ ಎಂಟನೆಯ ತರಗತಿಗೆಂದು ನಮ್ಮ ಪ್ರಸಾದನಿಲಯಕ್ಕೆ ಬಂದನು. ಮನೆ ಹತ್ತಿರವೇ ಇದ್ದರೂ ಮಗ್ಗದ ಸದ್ದಿನಲ್ಲಿ ಓದು ಸಾಗದೆಂದು ತಂದೆ ತಂದು ಬಿಟ್ಟಿದ್ದರು. ಪೂಜಾ ಮಂತ್ರಗಳನ್ನು ನಾಲ್ಕು ದಿನಗಳಲ್ಲಿ ಕಂಠಪಾಠ ಮಾಡಿ ಒಪ್ಪಿಸಿದನು. ಸ್ವರದಲ್ಲಿ ಒಂದು ತಪ್ಪಿಲ್ಲ. ನಮಗೆ ಬಲು ಸಂತೋಷವಾಯಿತು. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ನೋಡಿದಾಗ ಆ ಸಂತೋಷ ಸಿಟ್ಟಾಗಿ ತಿರುಗಿತು. 'ಸೂರ್ಯ' ಎಂಬುದನ್ನು 'ಸೂಯ್ರ' ಎಂದು ಬರೆದಿದ್ದನು. ಅರ್ಧ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಅವೇ ಪ್ರಶ್ನೆಗಳನ್ನು ಬಾಯಿಂದ ಕೇಳಿದರೆ ಪಟಪಟನೆ ಉತ್ತರ ಹೇಳಿದನು. ಬಾಯಲ್ಲಿ ಬರುವುದು ಕೈಯಲ್ಲೇಕೆ ಬರದು? ಸೋಮಾರಿತನವೆಂದು ತೀರ್ಮಾನಿಸಿದೆವು. 'ಸೂರ್ಯ' ಎಂದು ನೂರು ಸಲ ಬರೆಯಲು ಹೇಳಿದೆವು. ಊಟದ ಗಂಟೆ ಬಾರಿಸಿದರೂ ಏಳದೆ ಕುಳಿತು ಬರೆದು ತಂದನು, ನೂರೂ ಸರಿಯಾಗಿದ್ದವು. ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಬರೆಸಿದರೆ ಮತ್ತೆ 'ಸೂಯ್ರ'. ಉಳಿದ ಹುಡುಗರು ನಕ್ಕರು. ನಾವು ಅವರನ್ನು ತಡೆಯಲಿಲ್ಲ.

ನಮಗೆ ಓದು ಎಂದೂ ಕಷ್ಟವೆನಿಸಿರಲಿಲ್ಲ. ನಮ್ಮ ಕುರುಡುತನದ ಮೂಲ ಬಹುಶಃ ಅದೇ. ಶಿವಯೋಗಮಂದಿರದಲ್ಲಿ ಸಾಧಕರಾಗಿದ್ದಾಗ ಸಂಸ್ಕೃತವೂ, ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಇಂಗ್ಲಿಷ್ ಗ್ರಂಥಗಳೂ ಕಣ್ಣು ಹಾಯಿಸಿದರೆ ಒಳಗಿಳಿಯುತ್ತಿದ್ದವು. ಮಂದಿರದಲ್ಲಿ ನಮ್ಮ ಜೊತೆಗೆ ಒಬ್ಬ ಸಾಧಕರಿದ್ದರು. ಪುಸ್ತಕ ಹಿಡಿದರೆ ತಡವರಿಸುವರು, ಕೇಳಿದ ಪಾಠವನ್ನು ಮಾತ್ರ ಮರೆಯರು. ಅಲ್ಲಿನ ಹಳೆಯ ಗುರುಗಳು ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಾಯಿಪಾಠವನ್ನೇ ಹೇಳುತ್ತಿದ್ದರು. ಅದನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ. ಇದನ್ನು ಕಣ್ಣಾರೆ ಕಂಡ ನಮಗೆ ಇಪ್ಪತ್ತೈದು ವರ್ಷಗಳ ನಂತರ ಅದರ ನೆನಪೇ ಆಗದಿದ್ದುದು ಈಗ ಆಶ್ಚರ್ಯವೆನಿಸುತ್ತದೆ.

2017ರಲ್ಲಿ ಹುಡುಗ ಎಸ್.ಎಸ್.ಎಲ್.ಸಿ.ಯನ್ನು ಹೇಗೋ ದಾಟಿದನು. ವಿಜ್ಞಾನ ಬೇಡವೆಂದು ಅವನೇನೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ವಾಸ್ತವವಾಗಿ ಅವನನ್ನು ಯಾರೂ ಕೇಳಿರಲೇ ಇಲ್ಲ. 2019ರಲ್ಲಿ ಪಿ.ಯು.ಸಿ. ಮುಗಿಯಿತು, ನೀಟ್ ಪರೀಕ್ಷೆಯಲ್ಲಿ ಬಂದ ಅಂಕ ತೀರ ಕಡಿಮೆ. ತಂದೆ ಅವನನ್ನು ಕರೆದುಕೊಂಡು ಮಠಕ್ಕೆ ಬಂದರು. "ಏನ್ ಮಾಡೂಣ್ರೀ ಅಜ್ಜಾರ?" ಎಂದರು. "ಒಂದು ವರ್ಷ ಗಟ್ಟಿಯಾಗಿ ಕೂಡಿಸಿರಿ, ಬುದ್ಧಿಯಿದೆ, ಶ್ರಮವಿಲ್ಲ" ಎಂದು ನಾವು ಹೇಳಿದೆವು. ನಮ್ಮ ಮಾತನ್ನು ಅಪ್ಪಣೆಯೆಂದು ತಿಳಿದ ಆ ಭಕ್ತರು ನಾಲ್ಕು ಮಗ್ಗಗಳಲ್ಲಿ ಎರಡನ್ನು ಮಾರಿ ಕೋಚಿಂಗ್ ಕೇಂದ್ರದ ಶುಲ್ಕ ಕಟ್ಟಿದರು. ಈ ಸಂಗತಿ ನಮಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ.

2020ರ ಬೇಸಿಗೆ ತಮಗೆಲ್ಲ ನೆನಪಿದೆ. ಖಾಸಬಾಗದ ಓಣಿಗಳಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಕೋಚಿಂಗಿನ ಪಾಠಗಳು ಮೊಬೈಲಿಗೆ ಬಂದವು. ವಿಚಿತ್ರವೆಂದರೆ ಆ ತಿಂಗಳುಗಳಲ್ಲಿಯೇ ಅವನಿಗೆ ಪಾಠ ಚೆನ್ನಾಗಿ ಹತ್ತಿತು, ಏಕೆಂದರೆ ಒಂದೇ ಪಾಠವನ್ನು ಎರಡು ಸಲ, ಮೂರು ಸಲ ಕೇಳಬಹುದಾಗಿತ್ತು. ಮುಂದೂಡಲ್ಪಟ್ಟ ಪರೀಕ್ಷೆ ಸೆಪ್ಟೆಂಬರ್ 13ರಂದು ನಡೆಯಿತು. ಅಕ್ಟೋಬರ್ 16ರಂದು ಫಲಿತಾಂಶ. ಆ ರಾತ್ರಿ ಒಂಬತ್ತು ಗಂಟೆಗೆ ತಂದೆಯ ದೂರವಾಣಿ ಬಂತು: ಹುಡುಗ ಮಧ್ಯಾಹ್ನದಿಂದ ಮನೆಯಲ್ಲಿಲ್ಲ, ಮೊಬೈಲನ್ನು ಮಗ್ಗದ ಮೇಲೆ ಇಟ್ಟು ಹೋಗಿದ್ದಾನೆ.

ಖಾನಾಪುರದಲ್ಲಿ ಅವನ ಸೋದರಮಾವನ ಮನೆಯಿದೆ. ಅಲ್ಲಿಗೂ ಬಂದಿಲ್ಲವೆಂದರು. ತಂದೆಯನ್ನು ಕೂಡಿಸಿಕೊಂಡು ನಾವು ಖಾನಾಪುರದ ದಾರಿ ಹಿಡಿದೆವು. ಆ ಇಪ್ಪತ್ತಾರು ಕಿಲೋಮೀಟರು ದಾರಿಯಲ್ಲಿ ಆ ಮನುಷ್ಯ ಒಂದೇ ಮಾತು ಆಡಿದರು: "ನಾ ಅವಂಗ ಬೈದಿಲ್ರೀ ಅಜ್ಜಾರ. ಏನೂ ಅಂದಿಲ್ಲ. ಸುಮ್ನ ಕುಂತಿದ್ದೆ." ಮಲಪ್ರಭೆಯ ದಂಡೆಯಲ್ಲಿ, ನೀರಿಗಿಳಿಯುವ ಮೆಟ್ಟಿಲುಗಳ ಮೇಲೆ ಹುಡುಗ ಕುಳಿತಿದ್ದನು. ಮಳೆಗಾಲ ಆಗಷ್ಟೇ ಮುಗಿದು ಹೊಳೆ ತುಂಬಿತ್ತು. ಅಲ್ಲಿಗೇಕೆ ಹೋದೆಯೆಂದು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ತಂದೆ ಎರಡು ಮೆಟ್ಟಿಲು ಮೇಲೆಯೇ ಕುಸಿದು ಕುಳಿತರು. ಬಹಳ ಹೊತ್ತಿನ ಮೇಲೆ ಹುಡುಗನೇ ನಮ್ಮತ್ತ ತಿರುಗಿ ಹೇಳಿದನು:

"ನನಗ ಉತ್ತರ ಗೊತ್ತಿದ್ವುರೀ ಅಜ್ಜಾರ. ಪ್ರಶ್ನೆ ಓದಿ ಮುಗಸೂದ್ರಾಗನ ಹೊತ್ತು ಮುಗೀತಿತ್ತು."

ಆರು ವರ್ಷ ನಮ್ಮ ಕಣ್ಣೆದುರಿಗಿದ್ದ ಸತ್ಯವನ್ನು ಅವನು ಅಷ್ಟು ಸರಳವಾಗಿ ಹೇಳಿಬಿಟ್ಟನು.

ನಮ್ಮ ನಿಲಯದಲ್ಲಿದ್ದು ಓದಿ, ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಈ ಮಾತನ್ನು ತಿಳಿಸಿದಾಗ ಅವರು ಕೂಡಲೇ ಹುಡುಗನನ್ನು ನೋಡಬಯಸಿದರು. ಜಾತ್ರೆಯ ಆಮಂತ್ರಣ ಪತ್ರಿಕೆಯನ್ನು ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಬಳಿಕ ಅಷ್ಟೇ ಉದ್ದದ ಇನ್ನೊಂದನ್ನು ತಾವು ಓದಿ ಅರ್ಥ ಕೇಳಿದರು. ಮುಂದೆ ತಜ್ಞರು ಕ್ರಮಬದ್ಧವಾಗಿ ಪರೀಕ್ಷಿಸಿದರು. ಕೇಳಿ ಗ್ರಹಿಸುವುದರಲ್ಲಿ ಅವನು ತನ್ನ ವಯಸ್ಸಿನವರಿಗೆ ಎಳ್ಳಷ್ಟೂ ಕಡಿಮೆಯಿರಲಿಲ್ಲ. ಓದುವ ವೇಗ ಮಾತ್ರ ಐದನೆಯ ತರಗತಿಯ ಮಗುವಿನದು. ಇದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. 1896ರಲ್ಲಿಯೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಚುರುಕು ಹುಡುಗನ ಬಗ್ಗೆ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನೆಂದು ಆ ಹುಡುಗನ ಶಿಕ್ಷಕರು ಹೇಳಿದ್ದರಂತೆ. ಅದನ್ನು ಓದಿದ ದಿನ ನಮಗೆ ನಮ್ಮ ಹಲಗೆಯ ಮೇಲಿನ 'ಸೂಯ್ರ' ನೆನಪಾಯಿತು.

ನುಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆ ನಮ್ಮದು. ಈ ತೊಡಕೆಲ್ಲ ಇಂಗ್ಲಿಷಿನವರಿಗೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಇಂಗ್ಲಿಷ್ ಮಗುವಿಗೆ ಇಪ್ಪತ್ತಾರು ಅಕ್ಷರ ಕಲಿತರೆ ಮುಗಿಯಿತು. ಕನ್ನಡದ ಮಗುವಿಗೆ ವರ್ಣಮಾಲೆ, ಕಾಗುಣಿತ ಸೇರಿ ನಾನೂರಕ್ಕೂ ಮಿಕ್ಕ ರೂಪಗಳು, ಅವುಗಳ ಕೆಳಗೆ ಒತ್ತಕ್ಷರಗಳು. ಅರ್ಕಾವೊತ್ತನ್ನೇ ನೋಡಿರಿ: ನಾಲಗೆಯ ಮೇಲೆ ಮೊದಲು ಬರುವ ರಕಾರ ಕಾಗದದ ಮೇಲೆ ಕೊನೆಗೆ ಹೋಗಿ ನಿಲ್ಲುತ್ತದೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳು ಅಕ್ಷರಗಳ ಮೇಲೆ ಪೂರ್ಣ ಹಿಡಿತ ಸಾಧಿಸುವುದು ಒಂದೆರಡು ವರ್ಷಗಳ ಕೆಲಸವಲ್ಲ, ನಾಲ್ಕನೆಯ ತರಗತಿಯವರೆಗೂ ಅದು ಸಾಗುತ್ತದೆ ಎಂದು ತೋರಿಸಿದ್ದಾರೆ. ಬೆಳಗಾವಿಯ ಮಗುವಿಗಂತೂ ಶಾಲೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಎಂಬ ಮೂರು ಬರಹಗಳು. ಬೀದಿಯ ಫಲಕಗಳಲ್ಲಿ ಮರಾಠಿ.

ಜರ್ಮನ್ ಭಾಷೆಯೂ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಅಲ್ಲಿನ ಮಕ್ಕಳ ಮೇಲೆ ಸಂಶೋಧನೆ ನಡೆಸಿದವರು ಕಂಡ ಸಂಗತಿಯೊಂದು ನಮಗೆ ಬಹಳ ಮುಖ್ಯವೆಂದು ತೋರುತ್ತದೆ. ಇಂಥ ಭಾಷೆಗಳಲ್ಲಿ ಈ ತೊಡಕುಳ್ಳ ಮಗು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ನಿಧಾನವಾಗಿ ಓದುತ್ತದೆ. ಅಕ್ಷರಕ್ಕಕ್ಷರ ಕೂಡಿಸಿ, ಕೊನೆಗೆ ಸರಿಯಾಗಿಯೇ ಓದಿ ಮುಗಿಸುತ್ತದೆ. ತಪ್ಪಿದ್ದರೆ ಶಿಕ್ಷಕರ ಕಣ್ಣಿಗೆ ಬಿದ್ದೀತು. ನಿಧಾನ ಕಣ್ಣಿಗೆ ಬೀಳುವುದಿಲ್ಲ. ಅದು ಸೋಮಾರಿತನದ ವೇಷ ತೊಟ್ಟು ಬರುತ್ತದೆ. ಹೀಗೆ ಹತ್ತು ವರ್ಷ ಯಾರಿಗೂ ಕಾಣದೆ ಬಂದ ಮಗು ಪ್ರವೇಶ ಪರೀಕ್ಷೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲಿ ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ಓದಬೇಕು, ಲೆಕ್ಕ ಮಾಡಬೇಕು, ಸಾಲು ತಪ್ಪದಂತೆ ಸರಿಯಾದ ವೃತ್ತವನ್ನು ತುಂಬಬೇಕು. ನೀಟ್ ಪರೀಕ್ಷೆಯಲ್ಲಿ ಹೊತ್ತು ಇನ್ನೂ ಬಿಗಿ. ತಪ್ಪು ಉತ್ತರಕ್ಕೆ ಅಂಕವೂ ಕಡಿತ. 2017ರಿಂದ ಅದನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಪಿ.ಯು.ಸಿ. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿದ ನಮ್ಮ ಹುಡುಗ ಇಂಗ್ಲಿಷಿನಲ್ಲಿಯೇ ಬರೆದಿದ್ದನು. ರೋಗಿಯ ನಾಡಿ ಹಿಡಿದು ಯೋಚಿಸುವ ವೈದ್ಯನಿಗೆ ಇಂಥ ಅವಸರ ಏಕೆ ಬೇಕೋ ನಾವರಿಯೆವು. 2024ರಲ್ಲಿ ಆ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿಯನ್ನು ಹೊರಗಿಡಲೇಬೇಕಾದ ಜರಡಿ ಅದು. ಯಾರನ್ನು ಏಕೆ ಹೊರಗಿಟ್ಟಿತೆಂದು ಜರಡಿ ಹೇಳುವುದಿಲ್ಲ. ಮನೆಯಲ್ಲಿ ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಕಲಿಕೆಯ ನಿರ್ದಿಷ್ಟ ತೊಡಕುಗಳನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿತು. ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿನ ಹೊತ್ತು ಕೊಡಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ತಿಳಿಸಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲೂ ರಿಯಾಯಿತಿಗಳಿವೆ. ಆದರೆ ಕಾಗದದ ಮೇಲಿನ ಹಕ್ಕು ಪರೀಕ್ಷಾ ಕೊಠಡಿಯನ್ನು ತಲುಪುವುದು ಸುಲಭವಲ್ಲ. ಬರೆಯುವ ತೊಡಕುಳ್ಳ ಒಬ್ಬ ವಿದ್ಯಾರ್ಥಿನಿಗೆ 2021ರ ನೀಟ್‌ನಲ್ಲಿ ಹೆಚ್ಚಿನ ಒಂದು ಗಂಟೆಯನ್ನು ಕೊಡದೆ ಉತ್ತರಪತ್ರಿಕೆ ಕಿತ್ತುಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಕೆಗೆ ಅನ್ಯಾಯವಾಗಿದೆ ಎಂದು ಆ ವರ್ಷದ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಮರುಪರೀಕ್ಷೆಯನ್ನು ಮಾತ್ರ ಕೊಡಲಿಲ್ಲ. ಅನ್ಯಾಯವನ್ನು ಸರಿಪಡಿಸುವ ಬಗೆಯನ್ನು ಪರೀಕ್ಷೆ ನಡೆಸುವವರೇ ಯೋಚಿಸಲಿ ಎಂದಿತು.

ನಮ್ಮ ಹುಡುಗನ ಮನೆಯಲ್ಲಿ ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಣವೆಂದಾಗ ತಂದೆ ಕೇಳಿದರು: "ಇಷ್ಟ ದಿನಾ ದಡ್ಡ ಅಂದ್ರು, ಈಗ ಅಂಗವಿಕಲ ಅಂತಾರ. ಎರಡರಾಗ ಯಾವುದು ಚಲೋರಿ ಅಜ್ಜಾರ?" ತಾಯಿಗೆ ಮಗಳ ಮದುವೆಯ ಚಿಂತೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿಮ್ಮ ಮಗ ದಡ್ಡನಲ್ಲ ಎಂದು ಹೇಳಬಹುದಿತ್ತು. ಆದರೆ ಆ ಹೆಸರಿಡಲು ನಾವೂ ಕೈಗೂಡಿಸಿದ್ದೆವಲ್ಲ! ಎಂಟು ತಿಂಗಳ ಮೇಲೆ ಅವರು ಒಪ್ಪಿದರು.

ಇಂಥ ಕಥೆಗಳು ಸಾಮಾನ್ಯವಾಗಿ ಹೇಗೆ ಮುಗಿಯುತ್ತವೆ ಎಂಬುದನ್ನು ತಾವು ಬಲ್ಲಿರಿ. 2007ರಲ್ಲಿ ಬಂದ 'ತಾರೆ ಜಮೀನ್ ಪರ್' ಎಂಬ ಹಿಂದಿ ಚಲನಚಿತ್ರ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿತು, ಅದರ ಉಪಕಾರ ದೊಡ್ಡದು. ಆದರೆ ಅಲ್ಲಿಯೂ ಹುಡುಗ ಕೊನೆಗೆ ಚಿತ್ರಕಲಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆಲ್ಲಲೇಬೇಕಾಯಿತು. ಓದಲು ಬಾರದಿದ್ದರೇನು, ಇನ್ನಾವುದೋ ಅದ್ಭುತ ಪ್ರತಿಭೆ ಒಳಗೆ ಅಡಗಿರಲೇಬೇಕೆಂಬ ಹಠವೂ ತಂದೆತಾಯಿಗಳ ಇನ್ನೊಂದು ನಿರೀಕ್ಷೆಯೇ ಅಲ್ಲವೆ? ನಮ್ಮ ಹುಡುಗ ಚಿತ್ರ ಬರೆಯುವುದಿಲ್ಲ. ಅವನು ಹೆಚ್ಚಿನ ಹೊತ್ತಿನ ಸೌಲಭ್ಯದೊಡನೆ ವಿದ್ಯುತ್ ವಿಷಯದಲ್ಲಿ ಡಿಪ್ಲೊಮಾ ಮುಗಿಸಿ, ಈಗ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕೈಪಿಡಿಯನ್ನು ಮೊಬೈಲಿನಿಂದ ಓದಿಸಿ ಕೇಳಿಕೊಳ್ಳುತ್ತಾನೆ. ಸಂಬಳ ಸಾಧಾರಣ. ಮಾರಿದ ಎರಡು ಮಗ್ಗಗಳು ಮರಳಿ ಬಂದಿಲ್ಲ. "ಡಾಕ್ಟರ್ ಆಗಬೇಕಿತ್ತು" ಎಂದು ತಂದೆ ಇಂದಿಗೂ ಒಮ್ಮೊಮ್ಮೆ ಅನ್ನುತ್ತಾರೆ. ಹುಡುಗ ಕೇಳಿಸಿಕೊಂಡು ಸುಮ್ಮನಿರುತ್ತಾನೆ.

ಪ್ರಸಾದನಿಲಯದಲ್ಲಿ ಈಗ ಜೂನ್ ತಿಂಗಳಲ್ಲಿ ಹೊಸದಾಗಿ ಬರುವ ಪ್ರತಿ ಹುಡುಗನಿಂದಲೂ ಒಂದು ಪುಟ ಗಟ್ಟಿಯಾಗಿ ಓದಿಸುತ್ತೇವೆ. ಅಂಕ ಹಾಕುವುದಿಲ್ಲ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳುತ್ತೇವೆ. ನಿಧಾನವೆನಿಸಿದವರನ್ನು ಬಲ್ಲವರಿಗೆ ತೋರಿಸುತ್ತೇವೆ. ಹಿರಿಯ ವಿದ್ಯಾರ್ಥಿಗಳು ಎಂಟು, ಒಂಬತ್ತು, ಹತ್ತನೆಯ ತರಗತಿಯ ಪಾಠಗಳನ್ನು ಓದಿ ಧ್ವನಿಮುದ್ರಿಸಿದ್ದಾರೆ. ಪ್ರತಿಭಾ ಪುರಸ್ಕಾರವನ್ನು ನಿಲ್ಲಿಸಬೇಕೆ ಎಂಬ ಚರ್ಚೆ ಸಮಿತಿಯಲ್ಲಿ ನಡೆಯಿತು, ನಿಲ್ಲಿಸಲಿಲ್ಲ. ಕಷ್ಟಪಟ್ಟು ಗಳಿಸಿದವರ ಸಂತೋಷವನ್ನೇಕೆ ಕಸಿಯಬೇಕೆಂದರು, ಅದೂ ನಿಜವೇ. ನಮ್ಮ ಮನಸ್ಸು ಮಾತ್ರ ಇನ್ನೂ ಆ ವೇದಿಕೆಯ ಮೇಲೆ ಮೊದಲಿನಂತೆ ಕೂಡುವುದಿಲ್ಲ. ಮೈಸೂರು, ಧಾರವಾಡಗಳಲ್ಲಿ ವಾಕ್ ಚಿಕಿತ್ಸೆಯಲ್ಲಿಯೋ ವಿಶೇಷ ಶಿಕ್ಷಣದಲ್ಲಿಯೋ ತೊಡಗಿರುವ ಹಳೆಯ ವಿದ್ಯಾರ್ಥಿಗಳು ಶ್ರಾವಣದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಬಂದರೆ ಉಪಕಾರವಾಗುತ್ತದೆ. ವಸತಿ, ಪ್ರಸಾದದ ವ್ಯವಸ್ಥೆ ಮಠದ್ದು.

ಈ ಲೇಖನ ಬರೆಯುತ್ತಿರುವಾಗಲೇ, ಕಳೆದ ಭಾನುವಾರ, ಆ ತಂದೆ ಸಂತೆ ಮುಗಿಸಿಕೊಂಡು ಮಠಕ್ಕೆ ಬಂದರು. ಕೈಯಲ್ಲಿ ಕಾಯಿಪಲ್ಲೆಯ ಚೀಲ, ಹಿಂದೆ ಕಿರಿಯ ಮಗ. ಅವನೀಗ ಹತ್ತನೆಯ ತರಗತಿ, ಓದಿನಲ್ಲಿ ಚುರುಕು. ನಮಸ್ಕರಿಸಿ ಕುಳಿತು ಕೇಳಿದರು: "ಇವನ್ನ ಯಾವ ಕೋಚಿಂಗಿಗೆ ಹಾಕೂಣ್ರೀ ಅಜ್ಜಾರ?"

ನಾವು ಹುಡುಗನತ್ತ ತಿರುಗಿ, "ನಿನಗೇನು ಓದಬೇಕೆನಿಸುತ್ತದಪ್ಪಾ?" ಎಂದು ಕೇಳಿದೆವು.

ಅವನು ತಂದೆಯ ಮುಖ ನೋಡಿದನು.